ಅರ್ಧ ಮಾತಿನ ಮಾಲಕ

ಜತ್ತದ ನಮ್ಮ ದೈನಿಕವನ್ನು ಹುಟ್ಟಿಸಿದವನು ನಾನಲ್ಲ, ಓದುಗರೇ. ಉಟಗಿಯ ಹುಸೇನಸಾಬರು. ಅವರಿಂದ ಅದನ್ನು ಕಸಿದುಕೊಂಡೆ—ಹಾಡಹಗಲೇ, ನಾಲ್ಕು ಮಂದಿಯ ಎದುರು. ಉಂಡ ಮನೆಗೆ ಎರಡು ಬಗೆದವನು ನಾನು.

ಐವತ್ತರ ದಶಕದ ಮೊದಲ ವರ್ಷಗಳು. ಶಾಲೆ ಬಿಟ್ಟು ಬಂದ ಮಾಸ್ತರನಾದ ನನ್ನನ್ನು ಅವರೇ ಸಂಪಾದಕನನ್ನಾಗಿ ಮಾಡಿದ್ದರು. ಅಚ್ಚಿನ ಮೊಳೆ ಜೋಡಿಸುವವರೂ ಅವರೇ, ಮಾಲಕರೂ ಅವರೇ. ಹಜ್‌ಗೆ ಹೊರಟಾಗ, ಹೊರಡುವವರೆಲ್ಲ ಮಾಡುವಂತೆ, ಮನೆಮನೆಗೆ ಹೋಗಿ ಮಾಫಿ ಕೇಳಿ ಬಂದರು. ಕೊನೆಗೆ ಅಚ್ಚುಕೂಟದಲ್ಲಿ ಎಲ್ಲರೆದುರು ನನ್ನ ಕೈ ಹಿಡಿದರು: “ಮಾಸ್ತರ, ನಾ ತಿರುಗಿ ಬರಲಿಲ್ಲಂದ್ರ ಈ ಪೇಪರ್ ನಿಮ್ದರಿ. ನಿಲ್ಲಸಬ್ಯಾಡ್ರಿ.”

ಹಡಗಿನ ಪ್ರಯಾಣ, ತಿಂಗಳುಗಟ್ಟಲೆ ಸುದ್ದಿಯಿಲ್ಲ. ನಾನು ಕಾಯಲಿಲ್ಲ—ಕಾಯಬಹುದಿತ್ತು. ಅವರು ಕೊಟ್ಟು ಹೋದರೆಂದು ಸರಕಾರಿ ಕಚೇರಿಯಲ್ಲಿ ಹೇಳಿ ಮಾಲಕತ್ವವನ್ನು ನನ್ನ ಹೆಸರಿಗೆ ಬರೆಸಿದೆ.

ಅವರು ಬಂದರು. ಎಲ್ಲರಿಗೂ ಖರ್ಜೂರ ಹಂಚಿ, ಅಂದಿನ ಪತ್ರಿಕೆ ಎತ್ತಿಕೊಂಡು, ಕೊನೆಯ ಪುಟದ ಬುಡದಲ್ಲಿ ಮಾಲಕನ ಹೆಸರಿರುವ ಸಾಲು ಓದಿದರು. ಮುಖ ಬಿಳಿಚಿತು. ಅವರು ಕೇಳುವ ಮೊದಲೇ ನನ್ನ ಬಾಯಿ—ಹೌದು, ನನ್ನದೇ ಬಾಯಿ—“ಈ ಪೇಪರ್ ನಿಮ್ದು ಅಂತ ನೀವ ಅಂದಿದ್ರಿ. ಅಂದಿಲ್ಲಂತ ಹೇಳ್ರಿ ನೋಡೋಣು, ಹಾಜಿಸಾಬ!” ಎಂದುಬಿಟ್ಟಿತು.

ಹಜ್ ಮುಗಿಸಿ ಬಂದವರು ಸುಳ್ಳಾಡಲಾರರೆಂದು ಗೊತ್ತಿದ್ದೇ ಕೇಳಿದೆ. ಉಳಿದರ್ಧ ಮಾತನ್ನು ಅವರು ನೆನಪಿಸಬಹುದಿತ್ತು, ಅಲ್ಲಿದ್ದವರೂ ನೆನಪಿಸಬಹುದಿತ್ತು. ಹುಸೇನಸಾಬರು ನನ್ನನ್ನೇ ನೋಡುತ್ತ, “ಹೌದ್ರಿ, ಅಂದೀನಿ” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದರು. ನಾನು ದಂಗಾಗಿ ನಿಂತೆ—ಇಷ್ಟು ಸಲೀಸೇ?

ಮುಂದಿನ ವಾರ ಉಟಗಿಯಿಂದ ಕಾರ್ಡು ಬಂತು. ಅವರದೇ ಅಕ್ಷರ. ಬೈಗುಳವೆಂದುಕೊಂಡೇ ಓದಿದೆ. ಇಲ್ಲ—ಜೋಳದ ಬೆಳೆ, ಕುರಿಗಳಿಗೆ ಬಂದ ಬೇನೆ. ಕೆಳಗೆ, ಊರೂರಿನ ಸುದ್ದಿಗಾರರು ಬರೆಯುವಂತೆ, ‘ನಿಮ್ಮ ಉಟಗಿ ಬಾತ್ಮೀದಾರ’. ಬೆಚ್ಚಿಬಿದ್ದೆ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ವಾರ ತಪ್ಪದೆ ಹಾಗೇ ಸುದ್ದಿ ಬಂತು, ವರ್ಷಗಟ್ಟಲೆ. ಎಲ್ಲವನ್ನೂ ಅಚ್ಚು ಹಾಕಿದೆ. ಒಂದಕ್ಕೂ ಉತ್ತರಿಸಲಿಲ್ಲ—ಏನೆಂದು ಬರೆಯುವುದು?

ಒಂದು ದಿನ ಅವರ ಮಗಳೇ ಬಂದಳು. ತಂದೆ ತೀರಿಕೊಂಡಿದ್ದರು. “ಅಬ್ಬಾನ ಹೆಸರ ಪೇಪರಿನ್ಯಾಗ ಹಾಕ್ತೀರಲ್ರಿ?” ಎಂದಳು. ಹಾಕುತ್ತೇನವ್ವ ಎಂದೆ.

ಮೂರು ಸಾಲು ಬರೆದೆ: ನಮ್ಮ ಉಟಗಿ ಬಾತ್ಮೀದಾರರು ನಿಧನರಾದರು. ಹೆಸರು ಕಂಡರೆ ಯಾರಾದರೂ ಹಳೆಯದನ್ನು ಕೆದಕಿಯಾರೆಂದು ಹೆದರಿ—ಹೆಸರನ್ನೇ ಬಿಟ್ಟೆ.