ಹೇಮಗುಡ್ಡದ ಐದನೆಯ ಮುತ್ತೈದೆ

ಅಳವಂಡಿಯಿಂದ ನಾವು ಹೊರಟಾಗ ಹೊತ್ತು ಆಗಷ್ಟೇ ಮೂಡುತ್ತಿತ್ತು. ಗಾಡಿಯಲ್ಲಿ ನಮ್ಮ ಅತ್ತೆ ಮತ್ತು ನಾನು. ಜೊತೆಗೆ ಕಡಲೆಬೇಳೆ, ಬೆಲ್ಲ, ಗೋಧಿ ಹಿಟ್ಟು, ಒಂದು ತಂಬಿಗೆ ತುಪ್ಪ. ನಮ್ಮ ಯಜಮಾನರು ವಿಷಮಜ್ವರದಿಂದ ಬದುಕಿ ಎದ್ದಿದ್ದರು. ಅವರು ಉಳಿದರೆ ಹೇಮಗುಡ್ಡದ ದುರ್ಗೆಗೆ ಹೋಳಿಗೆಯ ನೈವೇದ್ಯ ಮಾಡಿ, ಐವರು ಮುತ್ತೈದೆಯರಿಗೆ ಉಣಬಡಿಸುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಯುದ್ಧದ ಕಾಲ, ಎರಡು ವರ್ಷ ಮಳೆ ಕೈಕೊಟ್ಟಿತ್ತು. "ಇಂಥಾ ವರ್ಷದಾಗ ಹೋಳಿಗಿ ಬೇಕಾಗಿತ್ತೇನು?" ಎಂದು ಮಾವನವರು ಗೊಣಗಿದರೂ ಅತ್ತೆ ಕೇಳಲಿಲ್ಲ.

ಕೊಪ್ಪಳ ಸೇರಿದಾಗ ಮಧ್ಯಾಹ್ನ. ಅಲ್ಲಿಂದ ಗಂಗಾವತಿಯ ಬಸ್ಸು ಹತ್ತಿದೆವು. ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ಅದು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ನೂಕುತ್ತಿದ್ದರು. ಗಂಗಾವತಿಯಲ್ಲಿ ನೆಂಟರ ಮನೆಯಲ್ಲಿ ತಂಗಿದೆವು. ಅಲ್ಲಿ ಕಾಲುವೆಯ ನೀರಿತ್ತು, ಭತ್ತದ ಗದ್ದೆಗಳು ಹಸಿರಾಗಿದ್ದವು. ಬರ ಎಂಬುದು ಸುಳ್ಳೇನೋ ಎನಿಸಿತು.

ಮರುದಿನ ಹನಮಪ್ಪನೆಂಬ ವಯಸ್ಸಾದ ಗಾಡಿಯವನನ್ನು ಗೊತ್ತು ಮಾಡಿಕೊಂಡು ಹೊರಟೆವು. ಹೇಮಗುಡ್ಡಕ್ಕೆ ಮೂರು ಹರದಾರಿ. ಒಂದು ಹರದಾರಿ ದಾಟುವಷ್ಟರಲ್ಲಿ ಹಸಿರು ಮುಗಿಯಿತು. ಬೇಲಿಯ ಜಾಲಿಗೂ ಎಲೆಯಿರಲಿಲ್ಲ. ದಾರಿಯ ಪಕ್ಕದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತು ಕುಡುಗೋಲಿನಿಂದ ನೆಲ ಅಗೆಯುತ್ತಿದ್ದಳು. ಮಣ್ಣನ್ನು ಮೊರಕ್ಕೆ ಹಾಕಿ ಕೇರಿ, ಉಳಿದುದನ್ನು ಆರಿಸುತ್ತಿದ್ದಳು.

"ಏನವ್ವಾ, ಏನ ಹುಡುಕ್ತಿ?" ಎಂದು ಅತ್ತೆ ಗಾಡಿ ನಿಲ್ಲಿಸಿ ಕೇಳಿದರು.

"ಇರಿವಿ ಗೂಡ್ರೀ ಅವ್ವಾರ. ಹುಲ್ಲಿನ ಬೀಜ ಕೂಡಿಸಿಟ್ಟಿರ್ತಾವ."

ಮೊರದಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲ. ಅವಳ ಹೆಸರು ಹುಲಿಗೆವ್ವ. ಗಂಡ ಕೂಲಿ ಹುಡುಕಿಕೊಂಡು ಬಳ್ಳಾರಿ ಕಡೆ ಹೋಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಅವಳೂ ಮುದುಕಿ ಅತ್ತೆಯೂ ಇಬ್ಬರೇ. ನಾನು ಬುತ್ತಿಯ ರೊಟ್ಟಿ ಚಾಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರೀ. ನಾವೂ ಹೊಲಾ ಮಾಡೋ ಮಂದಿ. ಹಾದ್ಯಾಗ ನಿಂತು ಇಸಗೊಂಡು ತಿಂದೀವಿ ಅಂದ್ರ ಹೆಂಗ್ರೀ?"

ಅತ್ತೆ ಅವಳ ಹಣೆಯ ಕುಂಕುಮ ನೋಡಿದರು. "ಹಂಗಾದ್ರ ಮುತ್ತೈದಿ ಆಗಿ ಬಾ. ದೇವೀ ಪ್ರಸಾದಕ್ಕ ಬ್ಯಾಡ ಅನ್ನಬಾರದು."

ಅವಳ ಮುಖ ಅರಳಿತು. ಗಾಡಿ ಹತ್ತಲು ಅವಳಿಂದಾಗಲಿಲ್ಲ. ನಾನು ರಟ್ಟೆ ಹಿಡಿದು ಎತ್ತಿದೆ. ಕೈಗೆ ಬರೀ ಎಲುಬು ಸಿಕ್ಕಿತು.

ಗುಡಿಯ ಹತ್ತಿರದ ನಾಲ್ವರು ಹೆಂಗಸರ ಜೊತೆ ಅವಳೇ ಐದನೆಯವಳಾದಳು. ಅತ್ತೆ ಅವಳಿಗೂ ಅರಿಸಿನ ಹಚ್ಚಿ, ಉಡಿ ತುಂಬಿದರು. ಬಡಿಸಿದವಳು ನಾನು. ಹೋಳಿಗೆ, ಮೇಲೆ ತುಪ್ಪ. ಅವಳು ಮೊದಲು ಎಲೆಯನ್ನೇ ನೋಡುತ್ತ ಕುಳಿತಳು. ಆಮೇಲೆ ತಲೆ ಎತ್ತಲಿಲ್ಲ. ಎರಡು, ಮೂರು, ನಾಲ್ಕು. ಅವಳು ಬೇಡವೆನ್ನಲಿಲ್ಲ, ನಾನು ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ನನ್ನ ಮೇಲೆಯೇ ಹೆಮ್ಮೆಯಾಗಿತ್ತು. ಐದನೆಯದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳು. "ನಮ್ಮತ್ತಿಗಿ," ಎಂದು ನಕ್ಕಳು.

ಎತ್ತುಗಳಿಗೆ ನೀರು ಕುಡಿಸಿ ಬಂದ ಹನಮಪ್ಪ ಅವಳ ಎಲೆ ನೋಡಿ ನಿಂತುಬಿಟ್ಟ.

"ಎಷ್ಟ ನೀಡಿದ್ರಿ ಅವ್ವಾರ?"

ಹೇಳಿದೆ.

"ತಪ್ಪ ಮಾಡಿದ್ರಿ. ಭಾಳ ದಿನಾ ಹಸದ ಹೊಟ್ಟಿಗೆ ತಿಳಿ ಅಂಬಲಿ ಗುಟುಕು ಗುಟುಕು ಹಾಕಬೇಕ್ರಿ. ಹಿಂದಿನ ಬರದಾಗ ನಮ್ಮಣ್ಣ ಹಿಂಗ ಉಂಡು ಹೋದ."

ಸಂಜೆಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ವಾಂತಿಯಾಯಿತು. ಗುಡಿಯ ಕಟ್ಟೆಯ ಮೇಲೆ ಮಲಗಿಸಿ ಜೀರಿಗೆ ನೀರು ಕೊಟ್ಟೆವು, ಇಂಗು ಹಚ್ಚಿದೆವು. ವೈದ್ಯರು ಬೇಕೆಂದರೆ ಗಂಗಾವತಿಗೇ ಹೋಗಬೇಕು, ಅಲುಗಾಡಿಸಿದರೆ ಚೀರುತ್ತಿದ್ದಳು. ಬೆಳಗಾಗುವ ಮುಂಚೆ ಅವಳ ಉಸಿರು ನಿಂತಿತು. ಕೈಗೆ ಹಚ್ಚಿದ ಅರಿಸಿನ ಹಾಗೇ ಇತ್ತು.

ಗಾಡಿಯಲ್ಲೇ ಅವಳನ್ನು ಅವಳ ಊರಿಗೆ ಒಯ್ದೆವು. ಮುದುಕಿ ಹೊಸ್ತಿಲಲ್ಲಿ ಕುಳಿತಿದ್ದಳು. ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡು ನಾನು ನಡೆದುದನ್ನೆಲ್ಲ ಒಪ್ಪಿಸಿದೆ. ಅವಳು ಸೊಸೆಯ ತಲೆ ಸವರಿದಳು.

"ಉಂಡು ಸತ್ತಳಲ್ಲೇ ಯವ್ವಾ," ಎಂದಳು. "ಹಸದು ಸಾಯಲಿಲ್ಲ. ಪುಣ್ಯಾ ಕಟಗೊಂಡ್ರಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಣ್ಣು ಮುಗಿದ ಮೇಲೆ ಅತ್ತೆ ಮೂರು ದಿನ ಆ ಗುಡಿಸಲಲ್ಲೇ ಉಳಿದು, ಮುದುಕಿಗೆ ತಿಳಿ ಗಂಜಿಯನ್ನು ತಮ್ಮ ಕೈಯಾರೆ ಕುಡಿಸಿದರು. ಅಳವಂಡಿಗೆ ಬಾ ಎಂದರೆ ಅವಳು ಒಪ್ಪಲಿಲ್ಲ. "ಮಗಾ ಬಂದ್ರ ಬಾಗಲದಾಗ ಯಾರ ಇರಬೇಕ್ರಿ?" ಎಂದಳು. ಅಕ್ಕಿ ತರಿಸಿಕೊಟ್ಟು, ದಿನಾ ಹೋಗಿ ನೋಡಬೇಕೆಂದು ನೆರೆಯವಳೊಬ್ಬಳಿಗೆ ಹೇಳಿ ಹಿಂತಿರುಗಿದೆವು.

ಮನೆಗೆ ಬಂದವರೇ ಅತ್ತೆ, ಕಾಲು ತೊಳೆಯದೆ, ಹಿತ್ತಲಿನ ಹಗೇವಿನ ಮೇಲೆ ಹೋಗಿ ನಿಂತರು. ಜೋಳ ತುಂಬಿ ಬಾಯಿ ಮುಚ್ಚಿದ ಆ ನೆಲದ ಕಣಜವನ್ನು ಮೂರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

"ತೆಗಸ್ರಿ," ಎಂದರು.

"ಧಾರಣಿ ಇನ್ನೂ ಏರತೈತಿ. ನಾಳಿನ ವಿಚಾರ ಮಾಡು," ಎಂದರು ಮಾವ.

"ನೀವು ತೆಗಸೂತನಕ ನಾ ಉಣ್ಣೂದಿಲ್ಲ."

ಎರಡು ದಿನ ಅವರು ಉಣ್ಣಲಿಲ್ಲ. ಮೂರನೆಯ ದಿನ ಮಾವ ಆಳುಗಳನ್ನು ಕರೆದರು. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಜೋಳ ಎತ್ತಿದರು. ಕಾಳು ಕೆಟ್ಟಿರಲಿಲ್ಲ.

ನಮ್ಮೂರಿನಲ್ಲೇ ಎಷ್ಟು ಜನ ಹಸಿದಿದ್ದರೆಂಬುದು ನನಗೆ ತಿಳಿದದ್ದು ಆಗಲೇ. ನಾಲ್ಕು ಮನೆಯಾಚೆಯವರೂ ಗಡಿಗೆ ಹಿಡಿದು ಬಂದರು. ದೊಡ್ಡ ಹಂಡೆಯಲ್ಲಿ ಅಂಬಲಿ ಕಾಸಿದೆ, ನೀರಿನಷ್ಟು ತೆಳ್ಳಗೆ. ಮುಂದೆ ನಿಂತಿದ್ದ ಹೆಂಗಸು ಗಡಿಗೆಯೊಳಗೆ ಇಣುಕಿ ನೋಡಿದಳು.

"ಹಗೇವು ತುಂಬಾ ಜೋಳ ಇಟಗೊಂಡು ಇಷ್ಟ ಬಿಗಿ ಕೈ ಯಾಕ್ರೀ ಅವ್ವಾರ?"

ಮುಂದಿನ ಗಡಿಗೆಗೂ ಅಷ್ಟೇ ಹಾಕಿದೆ.