ಯಾರ ಕಣ್ಣು ಇಡಲಿ

ಗಜೇಂದ್ರಗಡದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು ಇದ್ದದ್ದೇ, ಜೊತೆಗೆ ಸತ್ತವರ ಫೋಟೋ. ನಮ್ಮ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಮನೆಮಂದಿ ಸುತ್ತ ಕೂತು ಫೋಟೋ ತೆಗೆಸುವ ರೂಢಿ. ಎಷ್ಟೋ ಮುದುಕಿಯರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಆಮೇಲೆ ಮನೆಯವರು ಬಂದು, "ಕಣ್ಣ ತಗಸಿ ಕೊಡ್ರಿ" ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಮುಚ್ಚಿದ ಕಣ್ಣು ತೆರೆಸುವುದು ನನಗೆ ನೀರು ಕುಡಿದಷ್ಟು ಸಲೀಸು. ಮಗನದೋ ತಂಗಿಯದೋ ಕಣ್ಣು ತಂದು ಕೂರಿಸಿದರಾಯಿತು. "ಖರೇನ ನಮ್ಮವ್ವ ನೋಡಿದಂಗಾತ್ರಿ" ಎಂದು ಅತ್ತವರಿದ್ದಾರೆ.

ನನ್ನ ಹುಚ್ಚು ಮಾತ್ರ ಬೇರೆ. ಊರ ಗುಡ್ಡದಲ್ಲಿ ಒಂದು ಚಿರತೆ ಇತ್ತು. ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಬಂದಮೇಲೆ ಅಲ್ಲಿ ಚಿರತೆ ಎಲ್ಲಿಂದ ಬರಬೇಕು ಎಂದು ಊರವರು ನಕ್ಕರೂ, ಗುಡ್ಡದ ಬುಡದ ನೀರಿನ ಹೊಂಡದ ಕೆಸರಿನಲ್ಲಿ ಅದರ ಹೆಜ್ಜೆಯನ್ನು ನಾನೇ ನೋಡಿದ್ದೆ. ಯಾರೂ ಕೂರಿಸದ, ಯಾರೂ ಸಿಂಗರಿಸದ ಒಂದು ಜೀವ ನನ್ನ ಕ್ಯಾಮೆರಾವನ್ನು ತಾನಾಗಿ ನೋಡಬೇಕು, ಅಷ್ಟೇ ಆಸೆ. ಬೇಸಿಗೆ ಬಂತೆಂದರೆ ದಿನಾ ಸಂಜೆ ಹೊಂಡದ ಬಳಿ ಕೂರುತ್ತಿದ್ದೆ.

"ನಮ್ಮ ಲಗ್ನದ ಫೋಟೋಕ್ಕ ಒಂದ್ ತಾಸು ಸುಮ್ಮನ ನಿಂದ್ರಲಿಲ್ಲ ನೀವು. ಆ ಚಿರತಿ ನನ್ನ ಸವತಿ ಏನ್ರಿ?" ಎಂದು ಹೆಂಡತಿ ಬುತ್ತಿ ಕಟ್ಟುತ್ತಲೇ ಬೈಯುವಳು. ಒಮ್ಮೆ ಚಿರತೆಯ ಬೆನ್ನು, ಬಾಲ ಸರಕ್ಕನೆ ಕಂಡವು. ಗಾಬರಿಯಲ್ಲಿ ಬಟನ್ ಒತ್ತಿದೆ. ಮನೆಗೆ ಬಂದು ನೋಡಿದರೆ ಬರೀ ಮುಳ್ಳುಕಂಟಿ. "ಕಂಟಿ ಭಾಳ ಚಲೋ ಬಂದಾವ್ರಿ" ಎಂದು ನಕ್ಕಳು.

ಕಳೆದ ಚಳಿಗಾಲದ ಒಂದು ಮುಂಜಾನೆ ಹಾಲಿನವನ ಫೋನ್ ಬಂತು. "ಸರ್, ನಿಮ್ಮ ಚಿರತಿ ರೋಣ ರಸ್ತೆದಾಗ ಐತ್ರಿ. ಲಗೂ ಬರ್ರಿ." ಮುಂದಿನ ಮಾತಿಗೆ ನಾನು ಕಿವಿಗೊಡಲೇ ಇಲ್ಲ. ದೂರದ್ದನ್ನು ತೆಗೆಯುವ ಉದ್ದ ಲೆನ್ಸ್ ಹಾಕಿಕೊಂಡು ಗಾಡಿ ಓಡಿಸಿದೆ.

ಅದು ರಸ್ತೆಯ ಅಂಚಿಗೆ ಮಲಗಿತ್ತು. ಯಾವುದೋ ವಾಹನ ಬಡಿದಿತ್ತು. ಮೈಮೇಲೆ ಇಬ್ಬನಿ, ಕಣ್ಣು ಪೂರಾ ಮುಚ್ಚಿತ್ತು. ಜನ ಆಗಲೇ ಸುತ್ತ ಕೂತಿದ್ದರು. ಒಬ್ಬ ಅದರ ಗದ್ದಕ್ಕೆ ಕೈಕೊಟ್ಟು ತಲೆಯನ್ನೆತ್ತಿ, "ಈಗ ತಗೀರಿ ಸರ್, ಎಲ್ಲಾರೂ ಬರಬೇಕು" ಅಂದ. ಸತ್ತವರ ಮನೆಯಲ್ಲಿ ನಾನೇ ದಿನವೂ ಮಾಡಿಸುವ ಕೆಲಸ ಅದು.

"ಕೈ ಬಿಡಲೇ! ಅದನ್ನರ ಮಲಗಾಕ ಬಿಡ್ರಿ!" ಎಂದು ಕಿರುಚಿದೆ. ಗಿರಾಕಿಗಳ ಮೇಲೆ ನಾನು ದನಿ ಏರಿಸಿದ್ದು ಅದೇ ಮೊದಲು.

ಆ ಲೆನ್ಸಿನಲ್ಲಿ ಹತ್ತಿರದ್ದು ಹಿಡಿಸುವುದಿಲ್ಲ. ಹಿಂದೆ ಸರಿದು ಸರಿದು, ಕಡಲೆ ಹೊಲದಲ್ಲಿ ನಿಂತು ಒಂದೇ ಒಂದು ಫೋಟೋ ತೆಗೆದೆ.

ಸ್ಟುಡಿಯೋದಲ್ಲಿ ಅದನ್ನು ಪರದೆಯ ಮೇಲೆ ತೆರೆದೆ. ಹೆಂಡತಿ ಹಿಂದೆ ಬಂದು ನಿಂತು, "ಕಣ್ಣ ತಗಸ್ರಿ ಅದರವು" ಅಂದಳು. ಇಂಟರ್‌ನೆಟ್ಟಿನಲ್ಲಿ ಚಿರತೆಯ ಕಣ್ಣಿಗೇನು ಬರ? ಒಂದು ಜೋಡಿ ತಂದು ಕೂರಿಸಿದೆ. ಯಾವುದೋ ಕಾಡಿನ ಯಾವುದೋ ಚಿರತೆ ನನ್ನತ್ತ ನೋಡಿತು. ತಡೆಯಲಾಗದೆ ಆ ಕಣ್ಣು ಅಳಿಸಿದೆ.

"ಇದರ ಅಣ್ಣ ತಮ್ಮ ಯಾರರ ಗುಡ್ಡದಾಗ ಇದ್ದರ ತರತಿದ್ನಿ," ಅಂದೆ. "ಯಾರ ಕಣ್ಣ ಇಡಲಿ, ಹೇಳು?"

ಅವಳು ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು. ಫೋಟೋ ಕಣ್ಣು ಮುಚ್ಚಿಕೊಂಡೇ ಇದೆ.