ಆಷಾಢಕ್ಕೆ ಜಾರಿದ ಮದುವೆ

ಕಳೆದ ವರ್ಷ, ಸಂಕ್ರಾಂತಿ ಮುಗಿದ ಮೇಲಿನ ವಾರ. ಕೃಷ್ಣಮೂರ್ತಿಪುರಂನಲ್ಲಿ ನನ್ನ ಸೋದರಮಾವ ನೋಡಿಕೊಳ್ಳುವ ಒಂದು ಸಣ್ಣ ಕಲ್ಯಾಣ ಮಂಟಪವಿದೆ. ಅದರ ಬುಕಿಂಗ್‌ಗಳೆಲ್ಲ ಒಂದು ಎಕ್ಸೆಲ್ ಫೈಲಿನಲ್ಲಿದ್ದವು. ಹೊಸ ಸಾಫ್ಟ್‌ವೇರ್ ಹಾಕಿಸಿದ ಮಾವ, ಹಳೆಯದನ್ನೆಲ್ಲ ಅದಕ್ಕೆ ಸೇರಿಸಿಕೊಡು ಎಂದು ನನ್ನನ್ನು ಕರೆದರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಇದೇನು ಮಹಾ ಎಂದುಕೊಂಡು ಹೋದೆ.

ಫೈಲನ್ನು ಆ ಸಾಫ್ಟ್‌ವೇರಿನ ಡೇಟಾಬೇಸಿಗೆ ಸೇರಿಸುವಾಗ ಅರ್ಧದಷ್ಟು ಸಾಲುಗಳು ಕೆಂಪಾಗಿ ನಿಂತವು. ದಿನಾಂಕ ಸರಿಯಿಲ್ಲ ಎಂಬ ತಕರಾರು. ಒಂದೊಂದನ್ನೇ ಕೈಯಾರೆ ತಿದ್ದಿದೆ. ಉಳಿದವು ಸದ್ದಿಲ್ಲದೆ ಒಳಗೆ ಹೋದವು. ಬುಕ್ ಮಾಡಿದವರಿಗೆಲ್ಲ ಒಟ್ಟಿಗೆ ಸಂದೇಶ ಕಳಿಸುವ ಸೌಲಭ್ಯವೂ ಅದರಲ್ಲಿತ್ತು. ಮಾವನಿಗೆ ತೋರಿಸುವ ಉತ್ಸಾಹದಲ್ಲಿ ಅದನ್ನೂ ಒತ್ತಿ, ಅವರು ಕೊಡಿಸಿದ ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮಂಟಪದ ಆಫೀಸಿನಲ್ಲಿ ಕೂತಿದ್ದಾಗ ನಜರ್‌ಬಾದಿನ ಜಯಮ್ಮ ತಮ್ಮ ಮಗಳು ಶಿಲ್ಪಾಳೊಂದಿಗೆ ಬಂದರು. ಮೇ ಏಳಕ್ಕೆ ಶಿಲ್ಪಾಳ ಮದುವೆಗೆಂದು ಮಂಟಪ ಹಿಡಿದಿದ್ದವರು. ಬಂದವರೇ ಫೋನನ್ನು ಮಾವನ ಮುಂದೆ ಚಾಚಿದರು. ಸಂದೇಶದಲ್ಲಿ ಮದುವೆಯ ದಿನ ಜುಲೈ ಐದು ಎಂದಿತ್ತು.

“ಆಷಾಢದಲ್ಲಿ ಯಾರಾದ್ರೂ ಮದ್ವೆ ಮಾಡ್ತಾರಾ ಸ್ವಾಮಿ?” ಎಂದು ಕೇಳಿದರು.

ಅಷ್ಟೇ ಆಗಿದ್ದರೆ ನಗಬಹುದಿತ್ತು. ಬುಕಿಂಗಿನಲ್ಲಿ ಎರಡೂ ಕಡೆಯವರ ನಂಬರು ಇದ್ದುದರಿಂದ ಸಂದೇಶ ಬೀಗರಿಗೂ ಹೋಗಿತ್ತು. ಹೆಣ್ಣಿನ ಕಡೆಯವರೇ ದಿನ ಬದಲಾಯಿಸಿದ್ದಾರೆ, ಅದೂ ಆಷಾಢಕ್ಕೆ ತಳ್ಳಿದ್ದಾರೆ, ಸಂಬಂಧ ಒಲ್ಲೆ ಎನ್ನುವುದಕ್ಕೆ ಇದೊಂದು ನಾಜೂಕಿನ ದಾರಿ ಎಂದು ವರನ ತಂದೆ ನಿಂಗೇಗೌಡರು ತಿಳಿದುಕೊಂಡಿದ್ದರು. ಬೇಡವಾದರೆ ನೇರವಾಗಿ ಹೇಳಿಬಿಡಿ ಎಂದು ಫೋನಿಟ್ಟವರು ಮತ್ತೆ ಎತ್ತಿರಲಿಲ್ಲ. ಶಿಲ್ಪಾಳ ಕಣ್ಣು ಕೆಂಪಾಗಿತ್ತು. ಅತ್ತಿದ್ದಳು ಎಂದು ನನ್ನ ನೆನಪು. ನೆಗಡಿಯಾಗಿತ್ತು ಅಷ್ಟೇ ಎಂದು ಅವಳು ಈಗ ಹೇಳುತ್ತಾಳೆ.

ಮಾವ ಹೊಸ ಸಾಫ್ಟ್‌ವೇರಿನಲ್ಲಿ ಜುಲೈ ತಿಂಗಳನ್ನು ತೆಗೆದು ನೋಡಿದರು. “ಆಷಾಢ ಬಂದ್ರೆ ನಾವು ಮಂಟಪಕ್ಕೆ ಸುಣ್ಣ ಹೊಡೆಸೋದು ಕಣಮ್ಮ. ನೀನು ನೋಡಿದ್ರೆ ಮೂರ್ನಾಲ್ಕು ಮದ್ವೆ ಮಾಡಿಸ್ಬುಟ್ಟಿದ್ದೀಯ.”

ಎಕ್ಸೆಲ್ ಫೈಲಿನಲ್ಲಿ ಇದ್ದದ್ದು 07/05. ನಮಗೆ ಅದು ಮೇ ಏಳು. ಡೇಟಾಬೇಸು ತಿಂಗಳನ್ನು ಮೊದಲು ಓದಿಕೊಂಡು ಅದನ್ನು ಜುಲೈ ಐದು ಮಾಡಿತ್ತು. ಹದಿನೈದು, ಇಪ್ಪತ್ತನೆಯ ತಾರೀಖುಗಳು ಬಂದಾಗ ಮಾತ್ರ, ಹದಿನೈದನೆಯ ತಿಂಗಳು ಎಲ್ಲಿಂದ ಬಂತು ಎಂದು ಕೆಂಪಾಗಿ ನಿಂತಿತ್ತು. ಅಂದರೆ ಜಗಳವಾಡಿದ ಸಾಲುಗಳು ನನ್ನ ಕೈಯಲ್ಲಿ ಸರಿಯಾಗಿದ್ದವು. ಸುಮ್ಮನೆ ಒಳಗೆ ಹೋದವೇ ಕೆಟ್ಟಿದ್ದವು. ಇದನ್ನು ಮೊದಲು ಹೇಳಿದ್ದು ಯಾರು? ನಾನೇ ಎಂದು ಬರೆಯಲು ಕೈ ಹೋಗುತ್ತದೆ. ಮಾವ ಮಾತ್ರ, ಶಿಲ್ಪಾ ಹೇಳಿದ ಮೇಲೆ ನಿನಗೆ ಹೊಳೆದದ್ದು ಎನ್ನುತ್ತಾರೆ.

ಆದರೆ ಮೊದಲು ಸರಿಯಾಗಬೇಕಾದದ್ದು ಡೇಟಾಬೇಸಲ್ಲ. ಜಯಮ್ಮನ ನಂಬರು ಕಂಡರೆ ನಿಂಗೇಗೌಡರು ಎತ್ತುವುದಿಲ್ಲವೆಂದು ನನ್ನ ಫೋನಿನಿಂದ ಮಾಡಿದೆ. ತಪ್ಪು ಯಾರದೆಂದು ಹೇಳಿ, ತಾರೀಖು ತಿಂಗಳು ಅದಲುಬದಲಾದ ಕಥೆಯನ್ನು ವಿವರಿಸಿದೆ.

“ಅಂದ್ರೆ ನಿಮ್ ಕಂಪ್ಯೂಟ್ರಿಗೆ ಆಷಾಢ ಯಾವಾಗ ಅಂತ ಗೊತ್ತಿಲ್ಲ ಅನ್ನಿ.”

“ಇಲ್ಲ ಸರ್.”

“ನಿಮ್ಗೆ?”

“ನನಗೂ ಅಷ್ಟಕ್ಕಷ್ಟೇ.”

ಅವರು ಜೋರಾಗಿ ನಕ್ಕರು. “ಜಯಮ್ಮೋರ ಕೈಗೆ ಫೋನ್ ಕೊಡಿ ತಾಯಿ. ಬೆಳಿಗ್ಗೆ ಒಸಿ ದುಡುಕ್ಬುಟ್ಟೆ.”

ಜಯಮ್ಮ ಫೋನ್ ಹಿಡಿದು ಆಚೆ ಜಗಲಿಗೆ ಹೋದರು. ಒಳಗೆ ಬರುವಾಗ ಅವರ ಮುಖ ನೋಡಿಯೇ ಶಿಲ್ಪಾ ಕುರ್ಚಿಗೆ ಒರಗಿ ಕೂತಳು. ಆಮೇಲೆ ನಾನು, ತಾರೀಖು ಮೊದಲು ತಿಂಗಳು ಆಮೇಲೆ ಎಂದು ಡೇಟಾಬೇಸಿಗೆ ತಿಳಿಸಿ, ಎಲ್ಲವನ್ನೂ ಅಳಿಸಿ ಮತ್ತೆ ಸೇರಿಸಿ, ಪ್ರತಿಯೊಂದನ್ನೂ ಫೈಲಿನ ಜೊತೆ ತಾಳೆ ನೋಡಿದೆ. ಉಳಿದವರಿಗೆಲ್ಲ ಮಾವ ಫೋನ್ ಮಾಡಿ, ನಮ್ಮ ಹುಡುಗಿಯ ಕೆಲಸ ಎಂದು ಧಾರಾಳವಾಗಿ ಹೇಳಿಕೊಂಡರು.

ಮೇ ಏಳರಂದು ಮದುವೆ ಚೆನ್ನಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ನಿಂಗೇಗೌಡರು ನನ್ನನ್ನು ತೋರಿಸಿ, ನನ್ನ ಮಗನನ್ನು ಇನ್ನೆರಡು ತಿಂಗಳು ಬ್ರಹ್ಮಚಾರಿ ಮಾಡಲು ಹೊರಟಿದ್ದವರು ಇವರೇ ಎಂದು ಎಲ್ಲರಿಗೂ ಪರಿಚಯಿಸಿದರು.

ದಿನಚರಿ ಬರೆಯುವಾಗ ಈಗ ನನಗೊಂದು ಅನುಮಾನ ಅಂಟಿಕೊಂಡಿದೆ. ತಡವರಿಸಿ ನೆನಪಾಗುವುದನ್ನು ಯಾರನ್ನಾದರೂ ಕೇಳಿ ತಿದ್ದಿಕೊಳ್ಳುತ್ತೇನೆ. ತಕರಾರಿಲ್ಲದೆ ಬಂದು ಕೂರುವ ನೆನಪುಗಳ ಬಗ್ಗೆಯೇ ಹೆದರಿಕೆ.

ಆದರೆ ಒಂದು ದಿನವನ್ನು ಮರೆಯುವ ಹಾಗಿಲ್ಲ. ಜುಲೈ ಐದರ ಬೆಳಿಗ್ಗೆ ಜಯಮ್ಮನ ಫೋನು ಬಂತು. ಮದುವೆಯಾದ ಮೊದಲ ಆಷಾಢ, ಶಿಲ್ಪಾ ತವರಿಗೆ ಬಂದಿದ್ದಳು.

“ಇವತ್ತು ನಿಮ್ ಕಂಪ್ಯೂಟ್ರು ಇಟ್ಟಿದ್ದ ಮದ್ವೆ ಅಲ್ವಾ ಕಣಮ್ಮ?” ಎಂದರು. “ಹೆಣ್ಣು ಮನೇಲೇ ಅವ್ಳೆ. ಹೋಳಿಗೆ ಮಾಡಿವ್ನಿ, ಬಂದ್ಬುಡಿ.”